ಡೊರಿಕೊ ಪ್ರೊ: ಪರೀಕ್ಷೆ ನಡೆಯುವುದು ರಿಹರ್ಸಲ್ ದಿನ

ಆರ್ಕೆಸ್ಟ್ರಾಗೆ ಹೊಸ ಕೃತಿ ಬರೆಯುವವರಿಗೆ ತಮ್ಮ ಸ್ವರಲಿಪಿ ತಂತ್ರಾಂಶದ ನಿಜವಾದ ಯೋಗ್ಯತೆ ತಿಳಿಯುವುದು ರಿಹರ್ಸಲ್‌ನಲ್ಲಿ. ಎಂಬತ್ತು ವಾದಕರು ಕಾದು ಕೂತಿರುವಾಗ ಎರಡನೇ ಕ್ಲಾರಿನೆಟ್ ಪಾರ್ಟ್‌ನ (ಆ ವಾದಕರ ಮುಂದಿರುವ ಸ್ವರಹಾಳೆಯ) ಒಂದು ತಪ್ಪು ಹುಡುಕಲು ಐದು ನಿಮಿಷ ಹೋದರೆ, ಹೊಸ ಕೃತಿಗೆ ಸಿಗುವ ಅಲ್ಪ ಸಮಯದಲ್ಲೇ ಅದು ಕಳೆದುಹೋಗುತ್ತದೆ. ಆದ್ದರಿಂದ ಸ್ಟೈನ್‌ಬರ್ಗ್ ಕಂಪನಿಯ ಡೊರಿಕೊವನ್ನು ಇಲ್ಲಿ ಪಾರ್ಟ್‌ಗಳಿಂದಲೇ ಅಳೆಯಲಾಗಿದೆ.

ಇದರಲ್ಲಿ ಮೊದಲು ಸೇರಿಸುವುದು ವಾದಕರನ್ನು, ವಾದ್ಯವನ್ನು ಆಮೇಲೆ. ಒಬ್ಬರೇ ವಾದಕರಿಗೆ ಫ್ಲೂಟ್, ಪಿಕೊಲೊ ಎರಡನ್ನೂ ಕೊಟ್ಟರೆ ಎರಡೂ ಒಂದೇ ಪಾರ್ಟ್‌ನಲ್ಲಿ ಬರುತ್ತವೆ, ವಾದ್ಯ ಬದಲಿಸುವ ಸೂಚನೆ ತಾನಾಗಿ ಬೀಳುತ್ತದೆ. ಪಿಟೀಲು ಗುಂಪನ್ನು ಮಾತ್ರ ಮೊದಲೇ ‘ಸೆಕ್ಷನ್ ಪ್ಲೇಯರ್’ ಎಂದೇ ಸೇರಿಸಿ. ‘ಸೋಲೊ’ ಎಂದು ಸೇರಿಸಿದರೆ ಡಿವಿಸಿ (ಗುಂಪನ್ನು ಭಾಗ ಮಾಡಿ ಬೇರೆಬೇರೆ ಸ್ವರ ಕೊಡುವುದು) ಮಾಡಲು ಬರುವುದಿಲ್ಲ.

2019ರಲ್ಲಿ 3ನೇ ಆವೃತ್ತಿಯೊಂದಿಗೆ ಬಂದ ‘ಕಂಡೆನ್ಸಿಂಗ್’ ಇದರ ದೊಡ್ಡ ಗೆಲುವು. ಇಬ್ಬರು ಓಬೊ ವಾದಕರಿಗೆ ಬೇರೆಬೇರೆ ಬರೆದದ್ದನ್ನು ಕಂಡಕ್ಟರ್‌ನ ಸ್ಕೋರ್‌ನಲ್ಲಿ (ಎಲ್ಲ ವಾದ್ಯಗಳೂ ಒಟ್ಟಿಗಿರುವ ಪ್ರತಿಯಲ್ಲಿ) ಒಂದೇ ಸ್ಟಾಫ್‌ಗೆ, ಅಂದರೆ ಐದು ಗೆರೆಗಳ ಒಂದೇ ಸಾಲಿಗೆ, ತಂದು, ‘1.’ (ಮೊದಲನೆಯವರು ಮಾತ್ರ), ‘ಎ 2’ (ಇಬ್ಬರೂ ಒಂದೇ ಸ್ವರ) ಗುರುತುಗಳನ್ನೂ ಹಾಕುತ್ತದೆ. ಸಂಗೀತವನ್ನು ಅದು ವಿರಾಮದಿಂದ ವಿರಾಮದವರೆಗೆ ಒಂದು ತುಣುಕಾಗಿ ನೋಡುತ್ತದೆ. ನಡುವೆ ಒಂದೇ ಒಂದು ಕಡೆ ಎರಡನೇ ಓಬೊ ಮೊದಲನೆಯದನ್ನು ದಾಟಿ ಮೇಲೆ ಹೋದರೂ ಇಡೀ ಸಾಲು ಎರಡು ಸ್ಟಾಫ್ ಆಗಿ ಬಿಚ್ಚಿಕೊಳ್ಳಬಹುದು. ಆಗ ಎನ್‌ಗ್ರೇವ್ ಮೋಡ್‌ಗೆ (ಪುಟದ ನೋಟ ತಿದ್ದುವ ವಿಭಾಗಕ್ಕೆ) ಹೋಗಿ ಆ ಜಾಗದಲ್ಲಿ ‘ಕಂಡೆನ್ಸಿಂಗ್ ಚೇಂಜ್’ ಹಾಕಿ ಕೈಯಾರೆ ಸರಿಮಾಡಬೇಕು. ದೊಡ್ಡ ಸ್ಕೋರ್‌ನಲ್ಲಿ ಕಂಡೆನ್ಸಿಂಗ್ ಕೆಲಸವನ್ನು ನಿಧಾನಗೊಳಿಸುತ್ತದೆ, ಹಾಗಾಗಿ ಸ್ವರ ತುಂಬುವಾಗ ಆಫ್ ಮಾಡಿಡಿ.

ಪುಟದ ತಿರುವನ್ನಂತೂ ತಂತ್ರಾಂಶಕ್ಕೆ ಬಿಡಬೇಡಿ. ಪಿಟೀಲಿನವರಲ್ಲಿ ಇಬ್ಬರಿಗೆ ಒಂದೇ ಸ್ಟ್ಯಾಂಡ್. ಒಬ್ಬರು ಪುಟ ತಿರುಗಿಸುವಷ್ಟು ಹೊತ್ತು ಅರ್ಧ ಗುಂಪು ನುಡಿಸುವುದಿಲ್ಲ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ 4/4ರ ಒಂದು ಬಾರ್ (ನಾಲ್ಕು ಬೀಟ್‌ಗಳ ಒಂದು ಘಟಕ) ಎಂದರೆ ಬರೀ ಎರಡು ಸೆಕೆಂಡ್. ಬಲಪುಟದ ಕೊನೆಗೆ ಕನಿಷ್ಠ ಎರಡು ಬಾರ್ ವಿರಾಮ ಬರುವಂತೆ ಫ್ರೇಮ್ ಬ್ರೇಕ್ (ಪುಟ ಇಲ್ಲಿಗೇ ಮುಗಿಯಲಿ ಎಂಬ ಸೂಚನೆ) ಹಾಕಿ. ಪುಟ ಅರ್ಧ ಖಾಲಿ ಉಳಿದರೆ ಉಳಿಯಲಿ. ಜಾಗ ಉಳಿಸಲು ಹೋಗಿ ಸ್ಟಾಫ್ ಎತ್ತರವನ್ನು 8 ಮಿ.ಮೀ.ಗಿಂತ ತೀರ ಇಳಿಸಿದರೆ ಸ್ಟ್ಯಾಂಡ್ ದೂರದಿಂದ ಓದಲಾಗದು. ಉದ್ದ ವಿರಾಮದ ಕೊನೆಯಲ್ಲಿ ಶಿಫ್ಟ್–ಯು ಒತ್ತಿ ಕ್ಯೂ (ಮತ್ತೆ ಯಾವಾಗ ಶುರುಮಾಡಬೇಕೆಂದು ತಿಳಿಯಲು ತೋರಿಸುವ ಇನ್ನೊಂದು ವಾದ್ಯದ ಸಾಲು) ಸೇರಿಸಿ. ಮೂಲ ಬದಲಾದರೆ ಕ್ಯೂ ಕೂಡ ಬದಲಾಗುತ್ತದೆ, ಇದು ನಿಜಕ್ಕೂ ನೆಮ್ಮದಿಯ ವಿಷಯ.

ಬರೆದದ್ದನ್ನು ಕಂಪ್ಯೂಟರೇ ನುಡಿಸಿ ಕೇಳಿಸುವ ಪ್ಲೇಬ್ಯಾಕ್ ಚೆನ್ನಾಗಿದೆ, ಆದರೆ ನಂಬಿ ಕೆಡಬಾರದು. ಟ್ರಾಂಬೋನ್‌ಗಳ ನಡುವೆ ಫ್ಲೂಟ್‌ನ ಕೆಳಸ್ಥಾಯಿ ಸ್ಪೀಕರ್‌ನಲ್ಲಿ ಕೇಳಿದರೂ ಸಭಾಂಗಣದಲ್ಲಿ ಮುಳುಗಿಹೋಗುತ್ತದೆ.

2024ರ ಆಗಸ್ಟ್‌ನಲ್ಲಿ ಫಿನಾಲೆ ಎಂಬ ಹಳೆಯ ಸ್ವರಲಿಪಿ ತಂತ್ರಾಂಶ ನಿಂತಮೇಲೆ ಇತ್ತ ಬರುತ್ತಿರುವವರು ಗಮನಿಸಿ: ಹಳೆಯ ಫೈಲ್ ನೇರವಾಗಿ ತೆರೆಯುವುದಿಲ್ಲ, ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆಬೇರೆ ಸ್ವರಲಿಪಿ ತಂತ್ರಾಂಶಗಳು ಓದಬಲ್ಲ ಫೈಲ್ ರೂಪ) ಮಾಡಿಯೇ ತರಬೇಕು. ಹಳೆಯ ಪುಟವಿನ್ಯಾಸ ಹಾಗೆಯೇ ಬರುವುದಿಲ್ಲ, ಮತ್ತೆ ಕೂತು ಸರಿಮಾಡಬೇಕು.

ಡೊರಿಕೊದ ಚಿಕ್ಕ ರೂಪವಾದ ಎಲಿಮೆಂಟ್ಸ್ ಆವೃತ್ತಿಯಲ್ಲಿ 24 ವಾದಕರ ಮಿತಿಯಿದೆ. ಪೂರ್ಣ ಆರ್ಕೆಸ್ಟ್ರಾಗೆ ಪ್ರೊ ಬೇಕೇ ಬೇಕು. ಕೊಳ್ಳುವ ಮೊದಲು ಉಚಿತ ಪ್ರಯೋಗದ ಅವಧಿಯಲ್ಲಿ ನಿಮ್ಮ ಅತಿ ದಟ್ಟವಾದ ಮೂವತ್ತು ಬಾರ್ ತುಂಬಿಸಿ, ಎರಡನೇ ಪಿಟೀಲಿನ ಪಾರ್ಟ್ ಮುದ್ರಿಸಿ, ನುಡಿಸಬಲ್ಲ ಯಾರಿಗಾದರೂ ಸ್ಟ್ಯಾಂಡ್ ಮೇಲಿಟ್ಟು ಓದಲು ಕೊಡಿ.