ದುರ್ಗಿಗುಡಿಯ ಬೋರ್ಡ್ ರಿಪೇರಿ ಅಂಗಡಿ: ಮೂರು ಚಿಪ್ ಸುಟ್ಟ ಮೇಲೆ ಸಿಕ್ಕ ಉತ್ತರ

ಅಡಿಕೆ ಒಣಗಿಸೋ ಗೂಡಿಗೆ ನಾನೇ ಡಿಸೈನ್ ಮಾಡಿದ ಡಿಸ್‌ಪ್ಲೇ ಬೋರ್ಡಿನಲ್ಲಿ, ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಚಿತ್ರ ಕಳಿಸುವ ಟಿಎಫ್‌ಪಿ410 ಚಿಪ್ ಮೂರನೇ ಸಲ ಸತ್ತಾಗ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ ಹತ್ತಿದೆ. ಹೊಸ ಚಿಪ್ ಹಾಕಿ ಕಳಿಸ್ತಾರೆ ಅಂದುಕೊಂಡಿದ್ದೆ. ಅಂಗಡಿಯವರು ಬೆಸುಗೆ ಕಡ್ಡಿ ಮುಟ್ಟಲೇ ಇಲ್ಲ. "ಟಿವಿ, ಅಡಾಪ್ಟರ್ ಎರಡೂ ತನ್ನಿ" ಅಂದರು.

ಮರುದಿನ ಎರಡನ್ನೂ ತಂದುಕೊಟ್ಟೆ. ಕೇಬಲ್ ಸಿಕ್ಕಿಸುವ ಮೊದಲು ಟಿವಿ ಗ್ರೌಂಡಿಗೂ ಬೋರ್ಡ್ ಗ್ರೌಂಡಿಗೂ ಮೀಟರ್ ಹಿಡಿದರು: 87 ವೋಲ್ಟ್ ಎಸಿ! ಎರಡು ಪಿನ್ನಿನ ಅಡಾಪ್ಟರಿಗೆ ಅರ್ತ್ ಇಲ್ಲ, ಒಳಗಿನ ಕೆಪಾಸಿಟರಿನಿಂದ ಸೋರಿಕೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಕನೆಕ್ಟರಿನ ಲೋಹದ ಕವಚ ಮೊದಲು ತಾಗಿ ಈ ವೋಲ್ಟೇಜನ್ನು ಗ್ರೌಂಡಿಗೆ ಇಳಿಸಬೇಕು. ನನ್ನ ಬೋರ್ಡಿನಲ್ಲಿ ಆ ಕವಚವನ್ನು ಗ್ರೌಂಡಿಗೆ ಜೋಡಿಸಿರಲೇ ಇಲ್ಲ, ಸ್ಥಿರ ವಿದ್ಯುತ್ತಿನಂಥ ದಿಢೀರ್ ಹೊಡೆತ ತಡೆಯುವ ಇಎಸ್‌ಡಿ ಡಯೋಡೂ ಇರಲಿಲ್ಲ. ಹೊಡೆತ ನೇರ ಸಿಗ್ನಲ್ ಪಿನ್ನಿಗೆ.

ಮೈಕ್ರೋಸ್ಕೋಪಿನಡಿ ಕವಚದ ಕಾಲಿಗೆ ಕೂದಲೆಳೆ ತಂತಿ ಬೆಸೆದರು, ಹೊಸ ಚಿಪ್ ಕೂರಿಸಿದರು, ಅರ್ತ್ ಇರುವ ಮೂರು ಪಿನ್ನಿನ ಅಡಾಪ್ಟರ್ ಕೊಡಿಸಿದರು. ಮುಂದಿನ ಬೋರ್ಡಿಗೆ ಡಯೋಡನ್ನು ಕನೆಕ್ಟರಿಗೆ ಅಂಟಿಕೊಂಡೇ ಇಡಿ ಅಂತ ಚೀಟಿಯಲ್ಲಿ ಬರೆದೂ ಕೊಟ್ಟರು. ಚಿಪ್ಪಿನ ಬೆಲೆ ಬಿಟ್ಟು ಕೂಲಿ 450 ರೂಪಾಯಿ.

ಅಂಗಡಿ ತೀರಾ ಇಕ್ಕಟ್ಟು, ಸಂಜೆ ಹೋದರೆ ಕಾಯಲೇಬೇಕು. ಆದರೂ ಕಾಯಿರಿ. ಈ ಮಳೆಗಾಲ ಪೂರ್ತಿ ಗೂಡಿನ ಪರದೆ ಒಮ್ಮೆಯೂ ಕಪ್ಪಾಗಿಲ್ಲ.