ಬೆಡ್ ಸೋರ್ ತಡೆಯಲು ಯಾವ ಹಾಸಿಗೆ? ಫೋಮ್, ಗುಳ್ಳೆ, ಟ್ಯೂಬ್, ನೀರು: ನಾಲ್ಕನ್ನೂ ಬಳಸಿದ ಮೇಲಿನ ಹೋಲಿಕೆ

ಅಂಗಡಿಗೆ ಹೋಗುವ ಮೊದಲು ಬ್ರೇಡನ್ ಅಳತೆ ಹಾಕಿ. ಬೆಡ್ ಸೋರ್, ಅಂದರೆ ಮಲಗಿದ್ದಲ್ಲೇ ಒತ್ತಡದಿಂದಾಗುವ ಹುಣ್ಣಿನ ಅಪಾಯ ಎಷ್ಟೆಂದು ಹೇಳುವ ಅಂಕಪಟ್ಟಿ ಅದು. ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮಗ್ಗುಲಾಗುವ ಶಕ್ತಿ, ಊಟ, ಜಾರುವಾಗಿನ ಉಜ್ಜಾಟ, ಹೀಗೆ 6 ಅಂಶ, ಹೆಚ್ಚೆಂದರೆ 23 ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ. ಹಾಸಿಗೆ ಆರಿಸಲು ಮೊತ್ತವೊಂದೇ ಸಾಲದು, ಅಂಕ ಯಾವ ಅಂಶದಲ್ಲಿ ಕಡಿಮೆಯಾಯಿತು ಎಂದೂ ನೋಡಬೇಕು.

ತಾವೇ ಮಗ್ಗುಲಾಗಬಲ್ಲ, ಕೈಹಿಡಿದರೆ ಬಾತ್‌ರೂಮಿಗೆ ನಡೆಯಬಲ್ಲ ಹಿರಿಯರಿಗೆ ದಪ್ಪ, ಗಟ್ಟಿ ಅಂಚಿನ ಫೋಮ್ ಸಾಕು. ಏರ್ ಬೆಡ್ಡಿನ (ಪಂಪಿನಿಂದ ಗಾಳಿ ತುಂಬುವ ಗುಳ್ಳೆ ಅಥವಾ ಟ್ಯೂಬ್ ಹಾಸಿಗೆಯ) ಅಂಚು ಕುಸಿಯುವುದರಿಂದ ಕಾಲು ಇಳಿಬಿಟ್ಟು ಕೂತಾಗ ಜಾರಿ ಬೀಳುವ ಭಯವಿದೆ. ಹುಣ್ಣು ತಪ್ಪಿಸಲು ಹೋಗಿ ಸೊಂಟ ಮುರಿದುಕೊಂಡರೆ ಏನು ಬಂತು?

ಮಗ್ಗುಲಾಗಲು ಆಗದವರಿಗೆ ಏರ್ ಬೆಡ್ ಬೇಕೇ ಬೇಕು. ಗುಳ್ಳೆಯದಾಗಲಿ ಟ್ಯೂಬಿನದಾಗಲಿ ಕೆಲಸ ಒಂದೇ: ಪಂಪು ಸುಮಾರು 10 ನಿಮಿಷಕ್ಕೊಂದು ಸುತ್ತಿನಂತೆ ಒಂದು ಸಾಲು ಉಬ್ಬಿಸಿ ಪಕ್ಕದ ಸಾಲು ಇಳಿಸುತ್ತದೆ. ಗುಳ್ಳೆಯದು ಅಗ್ಗ, ಆದರೆ ತೆಳು. ಭಾರದ ಮೈಯವರ ಪೃಷ್ಠ ತಳ ಮುಟ್ಟುತ್ತದೆ. ಎಲ್ಲ ಗುಳ್ಳೆಗಳೂ ಒಂದೇ ಹಾಳೆಯಲ್ಲಿರುವುದರಿಂದ ಒಂದು ಕಡೆ ತೂತಾದರೂ ಆ ಸರಣಿಯ ಗಾಳಿಯೆಲ್ಲ ಇಳಿಯುತ್ತದೆ. ಟ್ಯೂಬ್ ಹಾಸಿಗೆಯಲ್ಲಿ ಹಾಳಾದ ಟ್ಯೂಬನ್ನಷ್ಟೇ ಬಿಚ್ಚಿ ಬದಲಿಸಬಹುದು. ಈಗಾಗಲೇ ಹುಣ್ಣಾಗಿದ್ದರೆ ಗುಳ್ಳೆಯದರ ಬಗ್ಗೆ ಯೋಚಿಸಲೇಬೇಡಿ, ಟ್ಯೂಬಿನದೇ ತನ್ನಿ.

ಏರ್ ಬೆಡ್ ಸೋಲುವುದು ಹೆಚ್ಚಾಗಿ ಬಳಸುವ ರೀತಿಯಲ್ಲಿ. ಪಂಪಿನ ತಿರುಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಹಾಸಿಗೆ ಹಲಗೆಯಾಗುತ್ತದೆ. ಪೃಷ್ಠದ ನೇರಕ್ಕೆ ಹಾಸಿಗೆಯ ಅಡಿಗೆ ಅಂಗೈ ತೂರಿಸಿ. ಗಾಳಿ ಇಳಿದ ಸಾಲಿನ ಹೊತ್ತಿನಲ್ಲೂ ಮೈಗೂ ಕೈಗೂ ನಡುವೆ ಒಂದು ಇಂಚು ಗಾಳಿ ಇರಬೇಕು. ಮೇಲೆ ಒಂದೇ ತೆಳು ಹತ್ತಿ ಬೆಡ್‌ಶೀಟ್ ಇರಲಿ. ರಬ್ಬರ್ ಶೀಟು, ಮಡಚಿದ ಕಂಬಳಿ, ಎರಡೆರಡು ಡೈಪರ್ ಹಾಕಿದರೆ ಗಾಳಿಯ ಏರಿಳಿತ ಚರ್ಮಕ್ಕೆ ತಲುಪುವುದೇ ಇಲ್ಲ, ಬೆವರು ಮಾತ್ರ ಉಳಿಯುತ್ತದೆ. ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ, ಆದ್ದರಿಂದ ಕೆಳಗೆ ಮಾಮೂಲಿ ಹಾಸಿಗೆ ಇರಲೇಬೇಕು. ಬರಿ ಮಂಚದ ಮೇಲೆ ಹಾಸಬೇಡಿ.

ನೀರಿನ ಹಾಸಿಗೆಗೆ ಕರೆಂಟ್ ಬೇಡ, ಅದೊಂದೇ ಲಾಭ. ಹೆಚ್ಚು ತುಂಬಿದರೆ ಗಟ್ಟಿ, ಕಡಿಮೆಯಾದರೆ ತಳ ತಾಗುತ್ತದೆ. ಚಳಿಗಾಲದಲ್ಲಿ ಮೈ ತಣ್ಣಗಾಗುತ್ತದೆ, ಮಗ್ಗುಲು ಬದಲಿಸಲು ಇಬ್ಬರು ಬೇಕು. ನಮ್ಮ ಮಟ್ಟಿಗೆ ಇದು ಕೊನೆಯ ಆಯ್ಕೆ. ಕರೆಂಟ್ ನೆಚ್ಚಲಾಗದ ಊರಲ್ಲೂ ಒಳ್ಳೆಯ ಫೋಮೇ ವಾಸಿ.

ಯಾವುದನ್ನೇ ತಂದರೂ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ಓರೆ ಮಾಡಿ. ಹಿಮ್ಮಡಿಯನ್ನು ಯಾವ ಹಾಸಿಗೆಯೂ ಪೂರ್ತಿ ಕಾಯುವುದಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಿ. ನಡುವೆ ತೂತಿರುವ ರಿಂಗ್ ದಿಂಬು ಸುತ್ತಲಿನ ರಕ್ತ ಓಡಾಟವನ್ನು ಒತ್ತಿಹಿಡಿಯುತ್ತದೆ, ಬೇಡ. ಪ್ರತಿ ಸಲ ಮಗ್ಗುಲಾಗಿಸಿದಾಗ ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳಚದೆ ಕೆಂಪಾಗೇ ಉಳಿದರೆ ಮೊದಲ ಹಂತದ ಹುಣ್ಣು. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಬಿಸಿಯೋ ಗಡಸೋ ಎಂದು ಮುಟ್ಟಿ ನೋಡಿ. ಅಲ್ಲಿ ಎಣ್ಣೆ ತಿಕ್ಕಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ.