ಎಸ್‌ಪಿ-404 ಎಂಕೆ2: ಎಂಟು ತಿಂಗಳು ಬಳಸಿದ ಮೇಲೆ

ರೋಲ್ಯಾಂಡ್‌ನ ಎಸ್‌ಪಿ-404 ಎಂಕೆ2 ಸ್ಯಾಂಪ್ಲರ್ ಕೊಂಡು ಎಂಟು ತಿಂಗಳಾಯಿತು. ಸ್ಯಾಂಪ್ಲರ್ ಅಂದರೆ ಸದ್ದಿನ ತುಣುಕುಗಳನ್ನು (ಸ್ಯಾಂಪಲ್) ತುಂಬಿಕೊಂಡು, ಗುಂಡಿ (ಪ್ಯಾಡ್) ತಟ್ಟಿದಾಗ ನುಡಿಸುವ ಪೆಟ್ಟಿಗೆ. ತಗೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಪೆಟ್ಟಿಗೆ ತುಂಬಾ ಇಷ್ಟ. ಬೀಟ್ (ಹಾಡಿನ ಹಿಂದಿನ ತಾಳ-ಸಂಗೀತ) ಮಾಡುವುದನ್ನು ಕಲಿಸಿದ್ದಕ್ಕಿಂತ ಹೆಚ್ಚಾಗಿ ಹಾಡು ಕೇಳುವುದನ್ನು ಕಲಿಸಿದೆ.

ಸ್ಯಾಂಪ್ಲಿಂಗ್ ಅಂದರೆ ಬೇರೆಯವರ ಹಾಡು ಕದಿಯುವುದು ಅಷ್ಟೇ ತಾನೇ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ, ಹಾಡೆಲ್ಲ ನಿಂತು ಡ್ರಮ್ ಒಂದೇ ಉಳಿಯುವ ಆ ಕೆಲವು ಸೆಕೆಂಡುಗಳಿಗೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ಡಿಜೆ ಕೂಲ್ ಹರ್ಕ್ ಗಮನಿಸಿದರು. ಆ ಭಾಗವನ್ನು ಮತ್ತೆ ಮತ್ತೆ ನುಡಿಸಿದರು. ಹಿಪ್ ಹಾಪ್ ಬೆಳೆದಿದ್ದು ಅಲ್ಲಿಂದ. ಹಾಡಿನೊಳಗೆ ಏನಿದೆ ಅಂತ ಕಿವಿಗೊಟ್ಟು ಕೇಳಿದವರ ಕೆಲಸ ಅದು.

ಆಮೇಲೆ ಯಂತ್ರಗಳು ಬಂದವು. 1987ರಲ್ಲಿ ಬಂದ ಇ-ಮ್ಯೂ ಎಸ್‌ಪಿ-1200ಗೆ ಇದ್ದ ಒಟ್ಟು ಸ್ಯಾಂಪಲ್ ಸಮಯ ಸುಮಾರು 10 ಸೆಕೆಂಡ್, ಅದೂ 12 ಬಿಟ್‌ನಲ್ಲಿ, ಅಂದರೆ ಸಿಡಿಗಿಂತ ಕಡಿಮೆ ಗುಣಮಟ್ಟದಲ್ಲಿ. ಅಷ್ಟರಲ್ಲಿ ಒಂದಿಡೀ ಬೀಟ್ ಕಟ್ಟಬೇಕು! ಅದಕ್ಕೆ ಬೀಟ್ ಕಟ್ಟುವ ಪ್ರೊಡ್ಯೂಸರ್‌ಗಳು ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸುತ್ತಿದ್ದರು, ಆಮೇಲೆ ಒಳಗೆ ಪಿಚ್ (ಶ್ರುತಿ, ಜೊತೆಗೆ ವೇಗ) ಇಳಿಸುತ್ತಿದ್ದರು. ಜಾಗ ಉಳಿಯುತ್ತಿತ್ತು, ಜೊತೆಗೆ ಸದ್ದು ಒರಟಾಗುತ್ತಿತ್ತು. ಆ ಒರಟುತನವನ್ನೇ ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ.

ಎಂಕೆ2 ಬಂದಿದ್ದು 2021ರಲ್ಲಿ. ಒಳಗೆ 16 ಜಿಬಿ ಜಾಗ, 17 ಪ್ಯಾಡ್, ಒಟ್ಟಿಗೆ 32 ಸದ್ದು. ಆರು ಎಎ ಸೆಲ್ ಹಾಕಿದರೆ ಬಸ್ಸಿನಲ್ಲೂ ಬಳಸಬಹುದು, ಇಲ್ಲದಿದ್ದರೆ ಯುಎಸ್‌ಬಿ-ಸಿ ಸಾಕು. ಇದೇ ಮನೆತನದ ಹಳೆಯ ಎಸ್‌ಪಿ-303, ಒಂದು ಚಿಕ್ಕ ಟರ್ನ್‌ಟೇಬಲ್, ಒಂದು ಟೇಪ್ ಡೆಕ್ ಇಟ್ಟುಕೊಂಡು ಅಮೆರಿಕದ ಪ್ರೊಡ್ಯೂಸರ್ ಮ್ಯಾಡ್‌ಲಿಬ್ ಬ್ರೆಜಿಲ್‌ನ ಹೋಟೆಲ್ ರೂಮಿನಲ್ಲಿ ಕೂತು, 2004ರ 'ಮ್ಯಾಡ್‌ವಿಲನಿ' ಆಲ್ಬಮ್‌ನ ಎಷ್ಟೋ ಬೀಟ್ ಮಾಡಿದ್ದರು. ದೊಡ್ಡ ಸ್ಟುಡಿಯೋ ಬೇಕಾಗಿಲ್ಲ ಅನ್ನುವ ಧೈರ್ಯ ನನಗೆ ಬಂದಿದ್ದು ಅಲ್ಲಿಂದ.

ನನ್ನ ಮೊದಲ ಬೀಟಿನ ಕಥೆ ಹೇಳುತ್ತೇನೆ. ಅಪ್ಪನ ಹತ್ತಿರ ಹಳೇ ಕನ್ನಡ ಚಿತ್ರಗೀತೆಗಳ ಇಪಿ ರೆಕಾರ್ಡುಗಳ ಒಂದು ಕಟ್ಟು ಇದೆ. ಒಂದು ಹಾಡಿನಲ್ಲಿ ಚರಣ ಶುರುವಾಗುವ ಮುಂಚೆ ಪಿಟೀಲುಗಳೆಲ್ಲ ಒಟ್ಟಿಗೆ ನಿಂತು, ಡೋಲಕ್ ಎರಡೇ ಪೆಟ್ಟು ಬೀಳುತ್ತದೆ. ಅದನ್ನು ಚಾಪ್ ಮಾಡುವಾಗ, ಅಂದರೆ ತುಂಡಾಗಿ ಕತ್ತರಿಸುವಾಗ, ಕತ್ತರಿಸುವ ಜಾಗ ತೋರಿಸುವ ಮಾರ್ಕರ್ ಒಂಚೂರು ಆಚೆ ಬಿತ್ತು. ಡೋಲಕ್ ಬಾಲದಲ್ಲಿ ಗಾಯಕಿ ಉಸಿರು ಎಳೆದುಕೊಳ್ಳುವ ಸದ್ದೂ ಬಂತು. ಚಿಕ್ಕಂದಿನಿಂದ ಕೇಳಿದ ಹಾಡು, ಆ ಉಸಿರು ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಪಿಚ್ ಇಳಿಸಿದೆ. ಡೋಲಕ್ ದಪ್ಪಗಾಗಿ, ಯಾರೋ ಮರದ ಬಾಗಿಲು ತಟ್ಟಿದ ಹಾಗಾಯಿತು, ಅದರ ಹಿಂದೆಯೇ ಆ ಉದ್ದದ ಉಸಿರು. ಮೇಲೆ ಹಳೇ ರೆಕಾರ್ಡಿನ ಸದ್ದು ಕೊಡುವ 303 ವಿನೈಲ್‌ಸಿಮ್ ಎಫೆಕ್ಟ್ ಹಾಕಿ, ಸದ್ದಿನ ಏರಿಳಿತ ಒತ್ತಿ ಹಿಡಿಯುವ ಕಂಪ್ರೆಷನ್ ಏರಿಸಿದರೆ, ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಬಿದ್ದಾಗಲೆಲ್ಲ ಉಳಿದ ಸದ್ದು ಒಂದು ಕ್ಷಣ ತಲೆ ತಗ್ಗಿಸಿ ಮತ್ತೆ ಏಳುತ್ತದೆ. ಈ ಪೆಟ್ಟಿಗೆಯ ಜೀವ ಇರುವುದೇ ಅಲ್ಲಿ. ಎಫೆಕ್ಟ್ ಹಾಕಿದ್ದನ್ನು ಹಾಗೇ ಇನ್ನೊಂದು ಪ್ಯಾಡ್‌ಗೆ ರೀಸ್ಯಾಂಪಲ್ ಮಾಡಿ (ಮತ್ತೆ ರೆಕಾರ್ಡ್ ಮಾಡಿ), ಅದರ ಮೇಲೆ ಮತ್ತೊಂದು ಎಫೆಕ್ಟ್ ಹಾಕುತ್ತಾ ಹೋಗಬಹುದು.

ಸ್ಕಿಪ್ ಬ್ಯಾಕ್ ಬಗ್ಗೆ ಹೇಳಲೇಬೇಕು. ಸುಮ್ನೆ ಆಡುತ್ತಿರುವಾಗ ಏನೋ ಚೆನ್ನಾಗಿ ಬಂದುಬಿಡುತ್ತದೆ, ರೆಕಾರ್ಡ್ ಒತ್ತಿರುವುದಿಲ್ಲ ಅಲ್ವಾ? ಇದರಲ್ಲಿ ಒಂದು ಗುಂಡಿ ಒತ್ತಿದರೆ ಕಳೆದ 25 ಸೆಕೆಂಡ್ ವಾಪಸ್ ಸಿಗುತ್ತದೆ. ನನ್ನ ಒಳ್ಳೆಯ ಲೂಪುಗಳಲ್ಲಿ (ಮತ್ತೆ ಮತ್ತೆ ನುಡಿಯುವ ತುಣುಕುಗಳಲ್ಲಿ) ಅರ್ಧ ಹಾಗೇ ಹುಟ್ಟಿದವು.

ಇನ್ನು ಕೊಳ್ಳುವ ಮುಂಚೆ ತಿಳಿದಿರಬೇಕಾದ್ದು. ಸ್ಪೀಕರ್ ಇಲ್ಲ, ಒಳಗೆ ಮೈಕ್ ಇಲ್ಲ. ಒಳ್ಳೆಯ ಹೆಡ್‌ಫೋನ್ ಇಟ್ಟುಕೊಳ್ಳಿ. ಬಹಳಷ್ಟು ಕೆಲಸಕ್ಕೆ ಶಿಫ್ಟ್ ಹಿಡಿದು ಇನ್ನೊಂದು ಗುಂಡಿ ಒತ್ತಬೇಕು, ಬಾಯಿಪಾಠ ಆಗುವುದಕ್ಕೆ ಎರಡು ಮೂರು ವಾರ ಬೇಕು. 16 ಜಿಬಿ ಇದೆ ಅಂತ ಸಿಕ್ಕಿದ್ದೆಲ್ಲ ತುಂಬಬೇಡಿ. ನಾನು ಒಂದು ಬೀಟಿಗೆ ಒಂದೇ ರೆಕಾರ್ಡು ಅಂತ ನಿಯಮ ಮಾಡಿಕೊಂಡ ಮೇಲೇ ಕೆಲಸ ಮುಂದೆ ಹೋಗಿದ್ದು.

ಮನೆಯಲ್ಲಿ ಮಾಡಿಕೊಳ್ಳುವುದು ಬೇರೆ, ಬಿಡುಗಡೆ ಮಾಡುವುದು ಬೇರೆ, ಇದು ಮಾತ್ರ ಮರೆಯಬೇಡಿ. ಹಾಡಿನ ರಚನೆಗೆ ಒಂದು ಹಕ್ಕು, ಆ ಧ್ವನಿಮುದ್ರಣಕ್ಕೆ ಇನ್ನೊಂದು. ಎರಡಕ್ಕೂ ಅನುಮತಿ ಬೇಕು. 1991ರಲ್ಲಿ, ಅನುಮತಿ ಇಲ್ಲದೆ ಹಾಡಿನ ತುಣುಕು ಬಳಸಿದ್ದ ರ್ಯಾಪರ್ ಬಿಜ್ ಮಾರ್ಕಿ ವಿರುದ್ಧ ಅಮೆರಿಕದ ಕೋರ್ಟ್ ತೀರ್ಪು ಕೊಟ್ಟ ಮೇಲೆ ಅಲ್ಲಿನ ಕಂಪನಿಗಳೆಲ್ಲ ಎಚ್ಚರಾದವು. 2002ರಲ್ಲಿ ಅಮೆರಿಕದ ಗಾಯಕಿ ಟ್ರುತ್ ಹರ್ಟ್ಸ್ ಅವರ 'ಅಡಿಕ್ಟಿವ್' ಹಾಡಿನಲ್ಲಿ ಒಂದು ಹಳೇ ಹಿಂದಿ ಹಾಡಿನಿಂದ ಎತ್ತಿದ ಲತಾ ಮಂಗೇಶ್ಕರ್ ದನಿ ಬಂತು. ಆ ಹಿಂದಿ ಹಾಡಿಗೆ ಸಂಗೀತ ಕೊಟ್ಟಿದ್ದ ಬಪ್ಪಿ ಲಹಿರಿ ಹೆಸರು ಹಾಕಿರಲಿಲ್ಲ. ಹೆಸರಿಲ್ಲದೆ ಸಿಡಿ ಮಾರಬಾರದು ಅಂತ ಕೋರ್ಟ್ ಹೇಳಿತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಇಷ್ಟಪಟ್ಟು ಎತ್ತಿಕೊಂಡ ಮೇಲೆ ಹೆಸರು ಹೇಳುವುದಕ್ಕೆ ಏನು ಕಷ್ಟ? ನನ್ನ ಡೋಲಕ್ ಬೀಟ್ ಸದ್ಯಕ್ಕೆ ಮನೆಯಲ್ಲೇ ಇದೆ.

ಬಂದಾಗ ಇದರ ಬೆಲೆ 500 ಡಾಲರ್ ಆಸುಪಾಸು ಇತ್ತು, ಚಿಕ್ಕ ಮೊತ್ತವೇನಲ್ಲ. ಇನ್ನೂ ಅನುಮಾನ ಇದ್ದರೆ ಮೊದಲು ಫೋನಿನಲ್ಲಿ ಕೋಆಲಾ ಸ್ಯಾಂಪ್ಲರ್ ಆ್ಯಪ್ ಹಾಕಿಕೊಳ್ಳಿ, ಬೆಲೆ ಬಹಳ ಕಡಿಮೆ. ಒಂದು ತಿಂಗಳು ಅದರಲ್ಲಿ ಕತ್ತರಿಸಿ ನೋಡಿ. ಗಾಜಿನ ಪರದೆ ತಟ್ಟಿ ತಟ್ಟಿ ಬೆರಳಿಗೆ ಸಾಲದು ಅನ್ನಿಸಿದ ದಿನ ಈ ಪೆಟ್ಟಿಗೆ ತಗೊಳ್ಳಿ.